ನಮ್ಮದಲ್ಲದ ನಾಯಿ

ದೇವರು ಕೊಟ್ಟ ಸಣ್ಣಪುಟ್ಟ ಅನುಕೂಲಗಳನ್ನು ಸಂಜೆ ದೀಪ ಹಚ್ಚುವಾಗ ಒಂದೊಂದಾಗಿ ನೆನೆದುಕೊಳ್ಳುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಒಂದು. ನಲ್ಲಿಯಲ್ಲಿ ಎರಡು ಕೊಡ ನೀರು ಹೆಚ್ಚಿಗೆ ಬಂತು, ಎರಡು. ಊಟಕ್ಕೆ ಬರುತ್ತೇವೆಂದಿದ್ದ ನೆಂಟರು ಡೆಂಕಣಿಕೋಟೆಯಲ್ಲೇ ಉಳಿದುಕೊಂಡರು, ಮೂರು. ಮೂರನೆಯದನ್ನು ಸ್ವಲ್ಪ ಮೆಲ್ಲಗೆ ನೆನೆಯುತ್ತೇನೆ. ಹೀಗೆ ಬೆರಳು ಮಡಿಸುತ್ತಾ ಹೋದರೆ ಎಂಥ ಕೆಟ್ಟ ದಿನದಲ್ಲೂ ಒಂದು ಕೈ ತುಂಬುತ್ತದೆ. ನಾಚಿಕೆಪಡಬೇಕಾದ ಸಂಗತಿಗಳನ್ನು ಎಣಿಸುವ ಅಭ್ಯಾಸ ಮಾತ್ರ ನಾನು ಮಾಡಿಕೊಳ್ಳಲಿಲ್ಲ. ಅವುಗಳಿಗೆ ಬೆರಳು ಬೇಕಾಗಿಯೂ ಇಲ್ಲ, ಕರೆಯದೆಯೇ ಬಂದು ಎದುರಿಗೆ ಕೂರುತ್ತವೆ. ನನ್ನದಂತೂ ನಾಲ್ಕು ಕಾಲಿನ ಮೇಲೆ ಬಂದು ಬಾಲ ಅಲ್ಲಾಡಿಸಿತು.

ನಾಯಿ ಸಾಕುವುದು ನಮ್ಮ ಮನೆತನದಲ್ಲಿ ಇರಲಿಲ್ಲ. ಎದುರು ಮನೆಯಲ್ಲಿ ಒಬ್ಬ ತಮಿಳು ಹೆಡ್ ಕಾನ್‌ಸ್ಟೇಬಲ್ ಇದ್ದರು. ಧರ್ಮಪುರಿಗೆ ವರ್ಗವಾಗಿ ಹೋಗುವಾಗ ತಮ್ಮ ನಾಯಿಯನ್ನು ನಮ್ಮ ಮನೆಯವರ ಕೈಗೆ ಒಪ್ಪಿಸಿ ಕಣ್ಣು ಒರೆಸಿಕೊಂಡರು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಕಿವಿ ಬಿದ್ದದ್ದು. ಕಳ್ಳರನ್ನು ಹಿಡಿಯಲಿ ಎಂದು ಅವರೇ ಕೂತು ಪಾಠ ಹೇಳಿಕೊಟ್ಟಿದ್ದರಂತೆ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಪಾಠ ಕಲಿತ ಜೀವ ಅಂದರೆ ಅವರಿಗೆ ಎಲ್ಲಿಲ್ಲದ ಗೌರವ, ಶಾಲೆಯಲ್ಲಿ ಅಂಥವು ಕಡಿಮೆಯಾದ್ದರಿಂದ. ಕೂಡಲೇ ಒಪ್ಪಿಕೊಂಡುಬಿಟ್ಟರು.

ನಾಯಿ ಒಳ್ಳೆಯದೇ. ಅದರ ಹೆಸರೇ ನನಗೆ ಕಷ್ಟವಾದದ್ದು. ನನ್ನ ಗಂಡನ ಹೆಸರು ರಾಜಾರಾವ್. ಬರೆದರೆ ದೋಷವಿಲ್ಲ, ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಹೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ನಾಯಿಯ ಹೆಸರೂ ರಾಜಾ. ಬದಲಾಯಿಸೋಣ ಅಂದರೆ ಬೇರೆ ಯಾವ ಹೆಸರಿಗೂ ಅದು ಕಿವಿ ಎತ್ತಲಿಲ್ಲ, ಎತ್ತಿದ್ದ ಕಿವಿಯನ್ನೂ ಇಳಿಸಿತು. ಮದುವೆಯಾಗಿ ಇಪ್ಪತ್ತೆರಡು ವರ್ಷ ಗಂಡನ ಹೆಸರು ಹೇಳದವಳು ನಾಯಿಗೋಸ್ಕರ ಹೇಳಲೇ? ಹಾಗಾಗಿ ಗಂಡನನ್ನು ಹೇಗೆ ಕರೆಯುತ್ತಿದ್ದೆನೋ ಅದನ್ನೂ ಹಾಗೇ ಕರೆಯತೊಡಗಿದೆ. ಬನ್ನಿ, ಊಟ ಮಾಡಿ, ಆ ಕಡೆ ಹೋಗಿ, ಬಿಡಿ ಅದನ್ನ. ಹಿತ್ತಲಲ್ಲಿ ನಿಂತು ನಾನು "ಬನ್ನಿ" ಅಂದರೆ ಇಬ್ಬರೂ ಬರುತ್ತಿದ್ದರು. ಒಬ್ಬರಿಗೆ ಅನ್ನ ಹಾಕಿ, ಇನ್ನೊಬ್ಬರಿಗೆ ಇನ್ನೂ ಆಗಿಲ್ಲ ಅನ್ನುತ್ತಿದ್ದೆ.

ನಮ್ಮ ಹೊಸೂರಿಗೂ ಸಮುದ್ರಕ್ಕೂ ಒಂದು ರಾತ್ರಿಯ ಬಸ್ಸಿನಷ್ಟು ದೂರ. ನಮ್ಮ ಮನೆಯವರು ಪರೀಕ್ಷೆ ಪೇಪರು ತಿದ್ದಲು ಒಮ್ಮೆ ಮದರಾಸಿಗೆ ಹೋಗಿದ್ದಾಗ, ಸಮುದ್ರದ ದಂಡೆಯಲ್ಲಿ ದೊಡ್ಡ ಮನುಷ್ಯರು ನಾಯಿ ಹಿಡಿದುಕೊಂಡು ಗಾಳಿ ಸೇವಿಸುವುದನ್ನು ನೋಡಿ ಬಂದಿದ್ದರು. ನಮ್ಮೂರ ಕೆರೆಯಲ್ಲಿ ಬೇಸಗೆಗೆ ನೀರು ಹಿಂದೆ ಸರಿದರೆ ಒಂದು ಅಂಚಿನಲ್ಲಿ ಉದ್ದಕ್ಕೂ ಮರಳು ತೆರೆದುಕೊಳ್ಳುತ್ತದೆ. ಅದಕ್ಕೆ ಅವರು "ನಮ್ಮ ಬೀಚು" ಎಂದು ಹೆಸರಿಟ್ಟರು. ಬೆಳಕು ಹರಿಯುವ ಮೊದಲೇ ನಾಯಿಯನ್ನು ಕರೆದುಕೊಂಡು ಬೀಚಿಗೆ ಹೋಗಿ ಬರುತ್ತಿದ್ದರು. ಅದು ಹೇಸಿಗೆ ಮಾಡಿದರೆ ತೆಂಗಿನ ಚಿಪ್ಪಿನಲ್ಲಿ ಬಾಚಿ, ಹೊಂಗೆ ಮರದ ಬುಡದಲ್ಲಿ ಹೂತು ಬರುತ್ತಿದ್ದರಂತೆ. ಒಂದು ದಿನವೂ ಈ ಮಾತನ್ನು ಮನೆಯಲ್ಲಿ ಎತ್ತಲಿಲ್ಲ. ಒಳ್ಳೆಯ ಕೆಲಸ ಮಾಡಿ ಸುಮ್ಮನಿರುವವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ, ನಮ್ಮ ಹುಳುಕು ಬೇಗ ಬಯಲಾಗುತ್ತದೆ.

ಆ ವರ್ಷ ಅವರು ಬೇರಿಕೆ ಸಂತೆಯಿಂದ ಹುರುಳಿಕಾಳಿನ ಚೀಲ ಹೊತ್ತು ಬಸ್ಸಿಳಿಯುವಾಗ ಕಾಲು ತಿರುಚಿಕೊಂಡರು. ಬಸ್ಸು ನಿಂತಿತ್ತು, ಕಾಲು ಮುರಿಯಲಿಲ್ಲ, ಹುರುಳಿಯೂ ಚೆಲ್ಲಲಿಲ್ಲ. ಮೂರು ಬೆರಳು ಮಡಿಸಿದೆ. ನಾಯಿ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಮಂಚದ ಮೇಲೆ ಕಾಲು ಚಾಚಿಕೊಂಡು ಮೇಷ್ಟರ ಧಾಟಿಯಲ್ಲಿ ಹೇಳಿದರು: "ನೋಡೇ, ಮೂರೇ ಮೂರು ಮಾತು. ಕತ್ತಿನ ಪಟ್ಟಿ ಹಾಕು, ಅದರಲ್ಲಿ ಪಂಚಾಯ್ತಿ ಬಿಲ್ಲೆ ಇದೆ. ಹಗ್ಗ ಕೈಬಿಡಬೇಡ. ಚಿಪ್ಪು ಮರೀಬೇಡ."

ಮೂರನ್ನೂ ನಾನು ಮೀರಿದೆ. ಸೋಮಾರಿತನದಿಂದಲ್ಲ, ಭಕ್ತಿಯಿಂದ. ಹಾಗಂತ ಆಗ ಅಂದುಕೊಂಡಿದ್ದೆ. ಪಟ್ಟಿ ತೊಗಲಿನದು. ಸ್ನಾನ ಮಾಡಿ ಮಡಿಯುಟ್ಟವಳು ತೊಗಲು ಮುಟ್ಟುವುದುಂಟೆ? ಪಟ್ಟಿಯನ್ನು ಗೂಟದಲ್ಲೇ ಬಿಟ್ಟು ಹಳೆಯ ನೂಲು ಹಗ್ಗ ಸುತ್ತಿದೆ. ಹಗ್ಗವನ್ನಾದರೂ ಹಿಡಿದುಕೊಂಡೆನೇ ಅಂದರೆ, ಬೆಳಗಿನ ನಾಮಜಪ ನಾನು ಬೆರಳಿನಲ್ಲಿ ಎಣಿಸುವವಳು. ನಾಯಿ ಜಗ್ಗಿದರೆ ಎಣಿಕೆ ತಪ್ಪುತ್ತದೆ. ಮರಳು ಸಿಕ್ಕಿದ ಕೂಡಲೇ ಹಗ್ಗ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಇನ್ನು ಚಿಪ್ಪು. ದಿನಾ ಬೆಳಗ್ಗೆ ಹಸುವಿನ ಸಗಣಿಯನ್ನು ಎರಡು ಕೈಯಲ್ಲಿ ಬಾಚಿ ತಂದು ಅಂಗಳ ಸಾರಿಸುವವಳು ನಾನು. ಆದರೆ ನಾಯಿಯದನ್ನು ಚಿಪ್ಪಿನಲ್ಲಿ, ಅದೂ ಕೈಯಳತೆಯಲ್ಲಿ ಹಿಡಿದು ನಡೆಯುವುದು ನನ್ನಿಂದಾಗಲಿಲ್ಲ. ನಾಯಿ ಕೂತ ಕೂಡಲೇ ನಾನು ಆಕಾಶ ನೋಡುತ್ತಿದ್ದೆ. ಹೊಸೂರಿನ ಆಕಾಶದಲ್ಲಿ ಆ ಹೊತ್ತಿನಲ್ಲಿ ನೋಡುವುದಕ್ಕೆ ಅಂಥದ್ದೇನೂ ಇರುವುದಿಲ್ಲ, ಆದರೂ ಅದು ಎದ್ದು ನಾಲ್ಕು ಹೆಜ್ಜೆ ಹೋಗುವ ತನಕ ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ. ಆ ಮರಳಿನ ಮೇಲೆ ಆಮೇಲೆ ಮಕ್ಕಳು ಗುಡ್ಡೆ ಕಟ್ಟುತ್ತವೆ, ವಯಸ್ಸಾದವರು ಬರಿಗಾಲಲ್ಲಿ ಓಡಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಕಾಶ ನೋಡಿದೆ.

ಅಡಿಗೆ, ಪೂಜೆ ಮುಗಿಸಿ ಹೊರಡುವಷ್ಟರಲ್ಲಿ ನನಗೆ ಬಿಸಿಲೇರುತ್ತಿತ್ತು. ಅಷ್ಟು ಹೊತ್ತಿಗೆ ಮುನಿಯಮ್ಮ ಬಟ್ಟೆ ಒಗೆದು ಮರಳಿನ ಮೇಲೆ ಹರವಿರುತ್ತಿದ್ದಳು. ನಮ್ಮ ಬೀದಿಯ ಐದಾರು ಮನೆಗಳ ಬಟ್ಟೆ ಅವಳದೇ. ನಮ್ಮ ಮನೆಯ ಬಟ್ಟೆ ನಾನೇ ಒಗೆದುಕೊಳ್ಳುತ್ತಿದ್ದುದರಿಂದ ಅವಳ ಜೊತೆ ಮಾತುಕತೆ ಅಷ್ಟಕ್ಕಷ್ಟೆ.

ಒಂದು ಬೆಳಗ್ಗೆ ನಾನು ಎಂಬತ್ತನೆಯ ನಾಮದ ಹತ್ತಿರ ಇದ್ದೆ. ನಾಯಿ ಮೂಸುತ್ತಾ ಹೋಗಿ ಹರವಿದ್ದ ಒಂದು ನೀಲಿ ಸೀರೆಯ ಅಂಚಿಗೆ ಬಾಯಿ ಹಾಕಿತು. ಬರೀ ಬಾಯಿ ಹಾಕಿತ್ತು, ಕಚ್ಚಿರಲಿಲ್ಲ. ನಾನು ಮೆಲ್ಲಗೆ "ಬಿಡಿ" ಅಂದೆ. ಕಚ್ಚಿತು. "ಬಿಡಿ, ಬಿಡಿ" ಅಂದೆ. ಗಟ್ಟಿಯಾಗಿ ಹಿಡಿದು ಜಾಡಿಸಿತು. ಗಾಬರಿಯಾಗಿ ಕೈಮುಗಿಯುವುದೊಂದನ್ನು ಬಿಟ್ಟು "ದಯವಿಟ್ಟು ಬಿಡಿ, ನಿಮ್ಮ ದಮ್ಮಯ್ಯ ಬಿಡಿ" ಅಂತ ಕೂಗುತ್ತಾ ಓಡಿದೆ. ನಾನು ಕೂಗಿದಷ್ಟೂ ಅದಕ್ಕೆ ಹುರುಪು. ಸೀರೆ ಸೆರಗಿನಿಂದ ನಡುವಿನ ತನಕ ಪರ್ ಅಂತ ಹರಿಯಿತು. ಅಂಚಿನ ತುಂಡನ್ನು ಬಾಯಲ್ಲಿ ಕಚ್ಚಿಕೊಂಡು ನಾಯಿ ನೀರಂಚಿನ ಬಂಡೆಯ ಹಿಂದೆ ಓಡಿತು. ಆ ಕಡೆಯಿಂದಲೇ ಮುನಿಯಮ್ಮ ಒದ್ದೆ ಸೀರೆ ಮೊಣಕಾಲಿಗೆ ಎತ್ತಿಕಟ್ಟಿಕೊಂಡು ಬಂದಳು.

"ಯಾರ್ದಮ್ಮ ಈ ನಾಯಿ?" ಅಂದಳು.

ಸೊಂಟದಲ್ಲಿ ಹಗ್ಗ ಇತ್ತು. ಅದರ ಮೇಲೆ ಸೆರಗು ಎಳೆದುಕೊಂಡೆ. "ಯಾರದೋ ಏನೋ ಮುನಿಯಮ್ಮ. ನಮ್ದಲ್ಲ" ಅಂದೆ. ಅಂದು ಆಕಾಶ ನೋಡಿದೆ, ಅಭ್ಯಾಸಬಲ.

ಅಷ್ಟರಲ್ಲಿ ನಾಯಿ ಬಂಡೆ ಸುತ್ತಿಕೊಂಡು ನೆಟ್ಟಗೆ ನನ್ನ ಹತ್ತಿರವೇ ಬಂತು. ಆ ನೀಲಿ ತುಂಡನ್ನು ನನ್ನ ಕಾಲ ಬಳಿ ಇಟ್ಟು, ಹೇಳಿದ ಕೆಲಸ ಮಾಡಿದ್ದೇನೆ ಎನ್ನುವ ಹಾಗೆ ಮುಖ ನೋಡಿ ಬಾಲ ಅಲ್ಲಾಡಿಸಿತು. ನಾನು "ಹಚಾ" ಅಂದೆ. ನಮ್ಮ ಮನೆಗೆ ಬಂದ ಮೇಲೆ ಆ ಮಾತು ಅದರ ಕಿವಿಗೆ ಬಿದ್ದಿರಲಿಲ್ಲ. ಅದಕ್ಕೆ ಅರ್ಥವಾಗಲಿಲ್ಲ, ನಿಂತೇ ಇತ್ತು. ಬಗ್ಗಿ ಒಂದು ಹಿಡಿ ಮರಳು ಎತ್ತಿ ಎಸೆದೆ. ಅದು ಅರ್ಥವಾಯಿತು. ಬಾಲ ಇಳಿಯಿತು. ಮುನಿಯಮ್ಮ ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, "ಹೋಗ್ಲಿ ಬುಡಿ ಅಮ್ಮ" ಅಂತ ಸೀರೆ ಮಡಿಸಿಕೊಂಡಳು.

ಆ ಸಂಜೆ ದೀಪದ ಮುಂದೆ ಕೂತು, ಯಾರೂ ನೋಡಲಿಲ್ಲ, ಒಂದು ಅಂತ ಬೆರಳು ಮಡಿಸಿದೆ. ಎರಡನೆಯ ಬೆರಳು ಮಡಿಯಲು ಒಪ್ಪಲಿಲ್ಲವೋ, ನನಗೇ ಮಡಿಸಲು ಮನಸ್ಸಾಗಲಿಲ್ಲವೋ, ಅಲ್ಲಿಗೇ ಎಣಿಕೆ ನಿಂತಿತು. ನಾಯಿ ಎರಡು ಹೊತ್ತು ಊಟ ಬಿಟ್ಟಿತು. ಇವರು ಕೇಳಿದ್ದಕ್ಕೆ ಬಿಸಿಲು ಅಂದೆ.

ಮಾರನೆಯ ದಿನದಿಂದ ಅದರ ಜೊತೆ ಕಾಣಿಸಿಕೊಳ್ಳಲು ಭಯ. ಮುನಿಯಮ್ಮನ ಎದುರಿಗೆ ಮತ್ತೆ ಹಗ್ಗ ಹಿಡಿದು ನಿಲ್ಲುವುದು ಹೇಗೆ? ಹಿತ್ತಲ ಬಾಗಿಲು ತೆಗೆದು "ಹೋಗಿ ಬನ್ನಿ" ಅನ್ನತೊಡಗಿದೆ. ಒಂಟಿಯಾಗಿ ಹೋಗುತ್ತಿತ್ತು, ಒಂಟಿಯಾಗಿ ಬರುತ್ತಿತ್ತು. ನಾನು ಮನೆಯಲ್ಲೇ ಕೂತು ಜಪ ಮುಗಿಸುತ್ತಿದ್ದೆ. ಆ ನಾಲ್ಕು ದಿನ ಒಂದು ನಾಮವೂ ತಪ್ಪಲಿಲ್ಲ.

ಐದನೆಯ ದಿನ ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಮುನಿಯಮ್ಮ ಬೇಲಿಯ ಹತ್ತಿರ ನಿಂತಿದ್ದಳು. ಅದುವರೆಗೂ ನಮ್ಮ ಮನೆ ಕಡೆ ಬಂದವಳಲ್ಲ. ಓಡಿ ಬಂದಿದ್ದಳು, ಏದುಸಿರು.

"ಅಮ್ಮ, ಪಂಚಾಯ್ತಿ ಗಾಡಿ ಬಂದೈತೆ. ನಿಮ್ದಲ್ಲದ ನಾಯಿನ ಹಾಕ್ಕೊಂಡವ್ರೆ" ಅಂದಳು. ಉಸಿರು ತಗೊಂಡು, "ನಿಮ್ದಲ್ಲ ಅಂತ ಗೊತ್ತು. ಆದ್ರೂ ಒಂದ್ ಮಾತು ಹೇಳೋಣಾಂತ ಬಂದೆ" ಅಂದಳು.

ಬೂದಿ ಕೈಯಲ್ಲೇ ಓಡಿದೆ. ಒಳಗಿನಿಂದ ಇವರು "ಏನಾಯ್ತೇ, ಎಲ್ಲಿಗೇ?" ಅಂತ ಕೂಗಿದ್ದು ಕೇಳಿಸಿತು. ಉತ್ತರ ಹೇಳುವಷ್ಟು ಹೊತ್ತಿರಲಿಲ್ಲ. ಬಿಲ್ಲೆಯಿಲ್ಲದ ನಾಯಿಗಳನ್ನು ಊರಾಚೆ ಒಯ್ದು ಏನು ಮಾಡುತ್ತಾರೆ ಎಂಬುದು ಆಗ ಎಲ್ಲರಿಗೂ ಗೊತ್ತಿತ್ತು, ಸಂಜೆಗೆಲ್ಲ ಮುಗಿದಿರುತ್ತಿತ್ತು.

ಕೆರೆ ಏರಿಯ ಕೆಳಗೆ ಮರದ ಪಂಜರದ ತಳ್ಳುಗಾಡಿ ನಿಂತಿತ್ತು. ಒಳಗೆ ಆರೇಳು ನಾಯಿಗಳು, ಬೊಗಳಾಟ. ನಮ್ಮದು ಮಾತ್ರ ಹಿಂದಿನ ಮೂಲೆಯಲ್ಲಿ ಮುಖ ಆ ಕಡೆ ಮಾಡಿಕೊಂಡು ಮಲಗಿತ್ತು. ಗಾಡಿಯವನು ಬೀಡಿ ಹಚ್ಚುತ್ತಿದ್ದ. ತಮಿಳಿನವನು, ವಯಸ್ಸಾದವನು, ಕೆಟ್ಟವನೇನಲ್ಲ.

"ಉಂಗ ನಾಯಾಮ್ಮಾ?" ನಿಮ್ಮ ನಾಯಿಯೇ ಅಂತ ಕೇಳಿದ. ಹೂಂ ಅಂದೆ. "ಬಿಲ್ಲೆ ಎಂಗೇ?" ಅಂದ. ಬಿಲ್ಲೆ ಎಲ್ಲಿ? ಮನೆಯಲ್ಲಿ, ಗೂಟದಲ್ಲಿ, ತೊಗಲಿನ ಪಟ್ಟಿಯಲ್ಲಿ, ನನ್ನ ಮಡಿಯ ಕಾವಲಿನಲ್ಲಿ. ಅವನು ತಲೆ ಅಲ್ಲಾಡಿಸಿದ. ಗಾಡಿ ಕಂಡರೆ ಎಲ್ಲರೂ ಕನಿಕರಪಟ್ಟು ನಮ್ಮದು ನಮ್ಮದು ಅಂತ ಬರುತ್ತಾರೆ, ಬಿಡಿಸಿಕೊಂಡು ಹೋಗಿ ಬೀದಿಗೇ ಬಿಡುತ್ತಾರೆ, ನಿಮ್ಮದೇ ಆದರೆ ಹೆಸರು ಹಿಡಿದು ಕರೆಯಿರಿ, ಎದ್ದು ಬಂದರೆ ಕೊಡುತ್ತೇನೆ ಅಂದ. ನ್ಯಾಯವಾದ ಮಾತು. ಅಷ್ಟರಲ್ಲಿ ಏರಿಯ ಮೇಲೆ ಹಾಲಿನವರು, ಕಾರ್ಖಾನೆ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರು, ಎಲ್ಲ ನಿಂತರು. ಮುನಿಯಮ್ಮ ಕೈಕಟ್ಟಿಕೊಂಡು ಪಕ್ಕಕ್ಕೆ ನಿಂತಳು.

ನಾನು "ಬನ್ನಿ" ಅಂದೆ. ನಾಯಿ ಅಲ್ಲಾಡಲಿಲ್ಲ. "ಬನ್ನಿ ಇಲ್ಲಿ, ಊಟಕ್ಕೆ ಬನ್ನಿ" ಅಂದೆ. ಸೈಕಲ್ಲಿನವನೊಬ್ಬ, "ನನ್ನ ಕರೆದ್ರಾ ಅಮ್ಮ? ಊಟ ಆಯ್ತು" ಅಂದ. ಎಲ್ಲರೂ ನಕ್ಕರು. ನಾಯಿಯ ಒಂದು ಕಿವಿ ನನ್ನ ಕಡೆಗೇ ಇತ್ತು, ಮುಖ ಮಾತ್ರ ತಿರುಗಲಿಲ್ಲ. ಮರಳು ಎಸೆದವಳ ಮಾತಿಗೆ ಯಾಕೆ ತಿರುಗಬೇಕು?

"ಪೇರೆ ಸೊಲ್ಲುಂಗಮ್ಮಾ" ಅಂದ ಗಾಡಿಯವನು. ಹೆಸರು ಹೇಳಿ. ಹಿಡಿಗೆ ಕೈಹಾಕಿ ಗಾಡಿ ತಳ್ಳಲು ಶುರುಮಾಡಿದ. ಮುನಿಯಮ್ಮ ಆಗ ಬಾಯಿ ಬಿಟ್ಟಳು: "ಹೇಳಮ್ಮ. ಹೆಸ್ರು ಹೇಳುದ್ರೆ ಯಾರೂ ಸಾಯಾಕಿಲ್ಲ. ಹೇಳ್ದಿದ್ರೇ ಸಾಯೋದು."

ನಮ್ಮೂರ ಬೆಟ್ಟದ ಮೇಲಿನ ಸ್ವಾಮಿಯನ್ನು ನೆನೆದು ಕಣ್ಣು ಮುಚ್ಚಿದೆ. ಎದುರು ಮನೆಯ ಅಂಗಳದಿಂದ ಆ ಕಾನ್‌ಸ್ಟೇಬಲ್ ದಿನಾ ಹೇಗೆ ಕೂಗುತ್ತಿದ್ದರೋ ಅದೇ ಕಿವಿಯಲ್ಲಿತ್ತು. ಅದೇ ತಮಿಳಿನಲ್ಲಿ, ಅದೇ ಗಂಟಲಿನಲ್ಲಿ ಕೂಗಿದೆ: "ರಾಜಾ, ವಾಡಾ!"

ಕನ್ನಡದಲ್ಲಿ ಹೇಳುವುದಾದರೆ, ಬಾರೋ ರಾಜ.

ಪಂಜರದೊಳಗೆ ನಾಯಿ ಎದ್ದು ನಿಂತಿತು. ಉಳಿದ ನಾಯಿಗಳನ್ನು ತಳ್ಳಿಕೊಂಡು ಮುಂದೆ ಬಂದು ಕಂಬಿಗಳ ನಡುವೆ ಮೂತಿ ತೂರಿಸಿ ಕುಂಯ್‌ಗುಟ್ಟಿತು. ಅದೇ ಹೊತ್ತಿಗೆ ನನ್ನ ಹಿಂದೆ ಏರಿಯ ಮೇಲಿನಿಂದ ಇನ್ನೊಂದು ದನಿ ಬಂತು: "ಬರ್ತಾ ಇದೀನಿ ಕಣೇ, ಕಾಲು ನೋವು." ತಿರುಗಿ ನೋಡಿದರೆ ನಮ್ಮ ಮನೆಯವರು ಕೋಲೂರಿಕೊಂಡು ಕುಂಟುತ್ತಾ ಇಳಿಯುತ್ತಿದ್ದರು. ಕೈಯಲ್ಲಿ ಕತ್ತಿನ ಪಟ್ಟಿ. ಗೂಟದಲ್ಲೇ ಇದ್ದದ್ದು ಕಂಡು, ನಾನು ಮರೆತದ್ದನ್ನು ಅವರು ತಂದಿದ್ದರು. ಸೈಕಲ್ಲುಗಳೆಲ್ಲ ಅಡ್ಡಬೀಳುವ ಹಾಗೆ ಜನ ನಕ್ಕರು. ಇಪ್ಪತ್ತೆರಡು ವರ್ಷ ಜೋಪಾನ ಮಾಡಿದ ಹೆಸರು, ಹೊರಬಂದದ್ದು ಏಕವಚನದಲ್ಲಿ, ಪರಭಾಷೆಯಲ್ಲಿ, ಅರ್ಧ ಊರಿನ ಎದುರಿಗೆ.

ಗಾಡಿಯವನು ಬಿಲ್ಲೆ ನೋಡಿ ಪಂಜರ ತೆಗೆದ. ಹೊರಗೆ ಹಾರಿದ ನಾಯಿ ಸಂತೋಷಕ್ಕೆ ಅವನ ಹೆಗಲಿನ ಟವೆಲ್ಲಿಗೇ ಬಾಯಿ ಹಾಕಿತು. ನಾನು "ಬಿಡಿ, ಬಿಡಿ" ಅಂದೆ. ಇನ್ನೂ ಬಲವಾಗಿ ಹಿಡಿಯಿತು. ಅವನು ಟವೆಲ್ಲು ಎಳೆಯುತ್ತಾ, "ಎನ್ನಮ್ಮಾ, ನೀಂಗಳೇ ಪಿಡಿ ಪಿಡಿನ್ನು ಸೊಲ್ರೀಂಗ" ಅಂತ ಬೈದ. ನೀವೇ ಹಿಡಿ ಹಿಡಿ ಅಂತ ಹೇಳುತ್ತಿದ್ದೀರಲ್ಲಾ ಅಂತ. ಆಮೇಲೆ ತಾನೇ "ವಿಡು" ಅಂದ. ನಾಯಿ ತಕ್ಷಣ ಬಿಟ್ಟು ಕೂತಿತು.

ಆಗ ನನಗೆ ತಿಳಿಯಿತು. ತಮಿಳಿನಲ್ಲಿ ವಿಡು ಅಂದರೆ ಬಿಡು, ಪಿಡಿ ಅಂದರೆ ಹಿಡಿ. ಕಳ್ಳನನ್ನು ಹಿಡಿಯಲು ಆ ಕಾನ್‌ಸ್ಟೇಬಲ್ ಕಲಿಸಿದ್ದ ಮಾತು. ನಾನು ಮರ್ಯಾದೆ ಕೊಟ್ಟು ಬಿಡಿ ಅಂದಾಗಲೆಲ್ಲ ಅದರ ಕಿವಿಗೆ ಪೊಲೀಸ್ ಆಜ್ಞೆಯಾಗಿ ಬಿದ್ದಿತ್ತು. ಆ ನೀಲಿ ಸೀರೆಯನ್ನು ಹರಿಯಲು ಕೂಗಿ ಕೂಗಿ ಹೇಳಿದವಳು ನಾನೇ. ಅದು ಹೇಳಿದ ಕೆಲಸ ಮಾಡಿ, ತುಂಡು ತಂದು ಕಾಲ ಬಳಿ ಇಟ್ಟಿತ್ತು. ಅದಕ್ಕೆ ನಾನು ಮರಳು ಎಸೆದಿದ್ದೆ.

ಜನ ಚದುರುವ ಮೊದಲೇ ಹೇಳಿಬಿಡಬೇಕು ಅನ್ನಿಸಿತು, ಚದುರಿದ ಮೇಲೆ ನನಗೆ ಧೈರ್ಯ ಬರುತ್ತದೆ, ಆ ಧೈರ್ಯ ಬೆಲೆಯಿಲ್ಲದ್ದು. "ಮುನಿಯಮ್ಮ, ನಾಯಿ ನಮ್ದೇ. ಅವತ್ತೂ ನಮ್ದೇ" ಅಂದೆ.

"ಅವತ್ತೇ ಗೊತ್ತಾಯ್ತಮ್ಮ" ಅಂದಳು. "ಬೀದಿ ನಾಯ್ಗೆ ಯಾರು ದಮ್ಮಯ್ಯ ಬಿಡಿ ಅಂತಾರೆ? ಗಂಡನ್ನ ಕೇಳ್ಕೊಂಡಂಗೆ ಕೇಳ್ಕೊಂತಿದ್ರಿ. ನಾನ್ ಬಂಡೆ ಹಿಂದ್ಗಡೆ ನಗ್ತಿದ್ದೆ, ಸೀರೆ ನೋಡೋಗಂಟ."

"ಆ ಸೀರೆ ಯಾರದು?"

"ವಕೀಲರ ಮನೆ ಕಮಲಮ್ಮಾರ್ದು. ಮಗ್ಳು ಮೊದಲ್ನೇ ಸಂಬ್ಳದಲ್ಲಿ ತಂದಿದ್ದಂತೆ. ಕಲ್ಲಿಗೆ ಸಿಕ್ಕಂಡು ಹರೀತು, ನನ್ ಕೈತಪ್ಪು ಅಂದೆ. ನಾಯಿ ಅಂದಿದ್ರೆ ಯಾರ ನಾಯಿ ಅಂತಿದ್ರು. ನೀವು ನಮ್ದಲ್ಲ ಅಂದ್ಮೇಲೆ ನಾನ್ ಹೆಂಗಮ್ಮ ನಿಮ್ದು ಅನ್ಲಿ?"

"ಏನಂದರು?"

"ಇನ್ ಬಟ್ಟೆಗೆ ಬರ್ಬ್ಯಾಡ ಅಂದ್ರು" ಅಂತ ಹೇಳಿ, ಒದ್ದೆ ಬಟ್ಟೆ ಬಿಟ್ಟು ಬಂದಿದ್ದವಳು ಕಲ್ಲಿನ ಕಡೆ ಹೋದಳು.

ಕಮಲಮ್ಮನವರು ಅಂದರೆ ನಮ್ಮ ಶುಕ್ರವಾರದ ಭಜನೆ ನಡೆಯುವ ಮನೆಯ ಯಜಮಾನಿ. ಅವರ ಪಕ್ಕದಲ್ಲೇ, ಮೊದಲ ಸಾಲಿನಲ್ಲಿ ನನ್ನ ಜಾಗ. ಸೀರೆ ಹರಿದ ಮೇಲಿನ ಶುಕ್ರವಾರವೂ ಅಲ್ಲೇ ಕೂತು, ಸುಳ್ಳು ಹೇಳಬಾರದು ಎಂಬ ಪದಕ್ಕೆ ತಾಳ ಹಾಕಿ ಬಂದಿದ್ದೆ. ಅಂದು ಮಧ್ಯಾಹ್ನವೇ ಅವರ ಮನೆಗೆ ಹೋದೆ. ತವರಿನಲ್ಲಿ ಕೊಟ್ಟಿದ್ದ, ಮಡಿಕೆ ಬಿಚ್ಚದ ಒಂದು ಸೀರೆ ಪೆಟ್ಟಿಗೆಯಲ್ಲಿತ್ತು, ಅದನ್ನು ತಟ್ಟೆಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಹಗ್ಗ, ಆಕಾಶ, ಮರಳು, ಎಲ್ಲ. ಕಮಲಮ್ಮ ತಟ್ಟೆಯನ್ನು ನನ್ನ ಕಡೆಗೇ ಸರಿಸಿದರು. ಆಮೇಲೆ, "ಸೀರೆ ಬೇಡ ತಗೊಂಡ್ಹೋಗಿ. ಅದು ನನ್ನ ಮಗಳು ತಂದ ಸೀರೆ ಆಗಲ್ವಲ್ಲ" ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಆದರೆ ಮಾರನೆಯ ದಿನ ತಾವೇ ಹೇಳಿ ಕಳಿಸಿ ಮುನಿಯಮ್ಮನಿಗೆ ಬಟ್ಟೆ ಹಾಕಿದರು. ಮುಂದಿನ ಶುಕ್ರವಾರ ನಾನಾಗಿಯೇ ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತೆ. ಮುಂದೆ ಬನ್ನಿ ಅಂತ ಯಾರಾದರೂ ಕರೆಯುತ್ತಾರೇನೋ ಎಂದು ಎರಡು ಪದ ಮುಗಿಯುವ ತನಕ ಕಾದೆ. ಕಂಬಕ್ಕೆ ಒರಗಬಹುದು, ಒಂದು ಅನುಕೂಲ.

ನಮ್ಮ ಮನೆಯವರ ಕಾಲು ವಾಸಿಯಾದರೂ ನಾಯಿಯನ್ನು ಕೆರೆಗೆ ಕರೆದೊಯ್ಯುವ ಕೆಲಸವನ್ನು ನಾನು ಹಿಂದಕ್ಕೆ ಕೊಡಲಿಲ್ಲ. ಈಗ ಮೊದಲು ನಾಯಿ, ಆಮೇಲೆ ಸ್ನಾನ. ಇಷ್ಟು ಸುಲಭದ ಏರ್ಪಾಟು ಅಷ್ಟು ದಿನ ನನ್ನ ತಲೆಗೆ ಬರಲಿಲ್ಲ. ಪಟ್ಟಿ ಹಾಕುತ್ತೇನೆ, ಹಗ್ಗ ಕೈಗೆ ಸುತ್ತಿಕೊಳ್ಳುತ್ತೇನೆ, ಚಿಪ್ಪು ಹಿಡಿಯುತ್ತೇನೆ. ಜಪಕ್ಕೆ ಬೆರಳು ಉಳಿಯುವುದಿಲ್ಲ, ಎಣಿಸದೆಯೇ ಮಾಡುತ್ತೇನೆ. ಮುನಿಯಮ್ಮ ಕಲ್ಲಿನ ಹತ್ತಿರದಿಂದಲೇ, "ಏನಮ್ಮ, ರಾಯರನ್ನ ಕರ್ಕೊಂಡು ಬಂದ್ರಾ?" ಅನ್ನುತ್ತಾಳೆ. ಹೂಂ, ನಮ್ಮದೇ ಅನ್ನುತ್ತೇನೆ. ನಾಯಿ ಬಟ್ಟೆಗಳ ಕಡೆ ಮೂತಿ ತಿರುಗಿಸಿದರೆ "ವಿಡು" ಅನ್ನುತ್ತೇನೆ. ಮನೆಯಲ್ಲಿ ಇವರು ಬೋಂಡಾ ತಟ್ಟೆಗೆ ಮೂರನೇ ಸಲ ಕೈ ಹಾಕಿದಾಗ "ಸಾಕು ಬಿಡಿ" ಅಂದರೆ, "ಪಿಡಿ ಅಂದ್ಯಲ್ಲೇ" ಅಂತ ಇನ್ನೊಂದು ಹಿಡಿಯುತ್ತಾರೆ. ಶಾಲೆಯ ಮೇಷ್ಟರ ಕೋಣೆಯಲ್ಲಿ ಇವರನ್ನು "ವಾಡಾ" ಅಂತ ಕರೆಯುತ್ತಾರಂತೆ. ಅದನ್ನೂ ಇವರು ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು.

ಸಂಜೆ ದೀಪ ಹಚ್ಚಿ ಬೆರಳು ಮಡಿಸುವಾಗ ಈಗ ಒಂದು ಯೋಚನೆ ಅಡ್ಡ ಬರುತ್ತದೆ. ಮುಂದೆ ಒಂದು ದಿನ ನಾನೂ ಅಂಥದ್ದೇ ಯಾವುದೋ ಗಾಡಿಯ ಮೂಲೆಯಲ್ಲಿ ಇರುತ್ತೇನೆ. ಬಿಲ್ಲೆ ಎಲ್ಲಿ ಅಂದರೆ ತೋರಿಸಲು ಏನೂ ಇರುವುದಿಲ್ಲ. ಯಾರದು ಇದು ಅಂತ ಆ ದೇವರನ್ನು ಕೇಳುತ್ತಾರೆ. ಆಗ ಅವನು ನನ್ನ ಹಾಗೆ ಆಕಾಶ ನೋಡದಿದ್ದರೆ ಸಾಕು. ಅವನಿರುವುದೇ ಆಕಾಶದಲ್ಲಿ, ಮುಖ ತಿರುಗಿಸಿ ನೋಡಲು ಅವನಿಗೆ ಬೇರೆ ಆಕಾಶವಿಲ್ಲ. ಅದೊಂದು ಬೆರಳನ್ನು ದಿನಾ ಮಡಿಸುತ್ತೇನೆ.